ಕಂಪನಿಯ ಆಸ್ತಿ ಕೈಜಾರುವ ಮುನ್ನ: ಸಣ್ಣ ಪಾಲಿನ ಷೇರುದಾರರು ಎನ್‌ಸಿಎಲ್‌ಟಿಯಲ್ಲಿ ಮಧ್ಯಂತರ ತಡೆ ಪಡೆಯುವ ಬಗೆ

ನೂರಿಪ್ಪತ್ತು ಪುಟದ ಅರ್ಜಿ. ಅದರಲ್ಲಿ ತೊಂಬತ್ತು ಪುಟ ಕಂಪನಿ ಹುಟ್ಟಿದ ದಿನದಿಂದ ನಡೆದ ಮನಸ್ತಾಪಗಳ ಕಥೆ. ಕೊನೆಗೆ ಒಂದೇ ಸಾಲಿನ ಬೇಡಿಕೆ: ‘ಕಂಪನಿಯ ಸಮಸ್ತ ಆಸ್ತಿಗಳನ್ನು ಪರಭಾರೆ ಮಾಡದಂತೆ ತಡೆಯಬೇಕು.’ ಎನ್‌ಸಿಎಲ್‌ಟಿ, ಅಂದರೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ, ಎದುರುದಾರರಿಗೆ ನೋಟಿಸ್ ಕಳಿಸಿ ಆರು ವಾರದಾಚೆಯ ದಿನಾಂಕ ಕೊಡುತ್ತದೆ. ಆ ಆರು ವಾರದೊಳಗೆ ಜಾಗದ ನೋಂದಣಿ ಮುಗಿದಿರುತ್ತದೆ.

ಇದೇ ತಪ್ಪು ಮತ್ತೆ ಮತ್ತೆ ಆಗುವುದನ್ನು ನೋಡಿ ಈ ಬರಹ. ನ್ಯಾಯ ನಿಮ್ಮ ಕಡೆ ಇದ್ದೂ ತಡೆ ಸಿಗದೆ ಹೋಗುವುದಕ್ಕೆ ಹೆಚ್ಚಿನ ಸಲ ಕಾರಣ ಒಂದೇ: ಯಾವ ಆಸ್ತಿ, ಯಾರ ಕೈಗೆ, ಯಾವಾಗ ಜಾರಲಿದೆ ಎಂಬುದನ್ನು ಮೊದಲ ಐದು ಪುಟದಲ್ಲಿ ಹೇಳಿರುವುದಿಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ವಕೀಲರ ಬಳಿ ಹೋಗುವ ಮೊದಲು ಮೊದಲ ಐದು ಹಂತ ನೀವೇ ಮುಗಿಸಿದ್ದರೆ ವಾರಗಟ್ಟಲೆ ಸಮಯ ಉಳಿಯುತ್ತದೆ. ಈ ಕೆಲಸದಲ್ಲಿ ವಾರವೆಂದರೆ ಬಹಳ.

ಅರ್ಥವಾಗಲೆಂದು ಒಂದು ಕಾಲ್ಪನಿಕ ಕಂಪನಿ ಇಟ್ಟುಕೊಳ್ಳೋಣ. ಬೆಂಗಳೂರಿನಲ್ಲಿ ಯಂತ್ರದ ಬಿಡಿಭಾಗ ಮಾಡುವ ಪ್ರೈವೇಟ್ ಲಿಮಿಟೆಡ್ ಕಂಪನಿ. ಆರು ಜನ ಷೇರುದಾರರು, ನಿಮ್ಮ ಪಾಲು ಶೇ 8. ಕಂಪನಿಗೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯಿಂದ (ಕೆಐಎಡಿಬಿ) ಬಂದ ಒಂದು ಎಕರೆ ಜಾಗ, ಬ್ಯಾಂಕಿನಲ್ಲಿ 2.40 ಕೋಟಿ ರೂಪಾಯಿ ಠೇವಣಿ. ವ್ಯವಸ್ಥಾಪಕ ನಿರ್ದೇಶಕರ ಮನೆಯವರು ಈಚೆಗೆ ಅದೇ ವ್ಯವಹಾರದ ಇನ್ನೊಂದು ಸಂಸ್ಥೆ ತೆರೆದಿದ್ದಾರೆ.

ಹಂತ 1: ಆಸ್ತಿ ಯಾರ ಹೆಸರಿನಲ್ಲಿದೆ ಎಂದು ಬಿಡಿಸಿಕೊಳ್ಳಿ

ಕಂಪನಿಯ ಆಸ್ತಿಯಲ್ಲಿ ಶೇ 8 ನಿಮ್ಮದಲ್ಲ. ಕೇಳಲು ಕಹಿ, ಆದರೆ ಇಲ್ಲಿಂದಲೇ ಶುರುಮಾಡಬೇಕು. ಕಂಪನಿ ಬೇರೆಯೇ ಒಬ್ಬ ‘ವ್ಯಕ್ತಿ’. ಷೇರುದಾರನಿಗೆ ಅದರ ಸ್ವತ್ತಿನ ಮೇಲೆ ನೇರ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ ಬಚಾ ಗುಜ್ದಾರ್ ಪ್ರಕರಣದಲ್ಲಿ 1950ರ ದಶಕದಲ್ಲೇ ಹೇಳಿದೆ. ‘ನನ್ನ ಪಾಲಿನ ಆಸ್ತಿ ಕಾಪಾಡಿ’ ಎಂದು ಬರೆದ ಅರ್ಜಿ ಮೊದಲ ವಾದದಲ್ಲೇ ಎಡವುತ್ತದೆ. ‘ಕಂಪನಿಯ ಆಸ್ತಿಯನ್ನು ಕಂಪನಿಗಾಗಿ ಕಾಪಾಡಿ, ಅದು ಹೋದರೆ ನನ್ನ ಷೇರಿಗೆ ಬೆಲೆಯೇ ಉಳಿಯುವುದಿಲ್ಲ’ ಎಂದು ಬರೆಯಿರಿ.

ಒಂದು ಹಾಳೆಯಲ್ಲಿ ಮೂರು ಪಟ್ಟಿ ಮಾಡಿ. ಮೊದಲನೆಯದು ಕಂಪನಿಯ ಹೆಸರಿನ ಆಸ್ತಿ: ಜಾಗ, ಯಂತ್ರ, ಬ್ಯಾಂಕ್ ಖಾತೆ, ಠೇವಣಿ, ಟ್ರೇಡ್‌ಮಾರ್ಕ್, ವಾಹನ, ಬರಬೇಕಾದ ಬಾಕಿ. ಎರಡನೆಯದು ಕಂಪನಿಯ ಷೇರುಗಳು: ಹೊಸ ಷೇರು ಹಂಚಿ ನಿಮ್ಮ ಪಾಲು ಇಳಿಸುವ, ಅಥವಾ ಬಹುಮತದವರು ತಮ್ಮ ಷೇರನ್ನು ಹೊರಗಿನವರಿಗೆ ಮಾರುವ ಭಯ. ಮೂರನೆಯದು ನಿರ್ದೇಶಕರ ಸ್ವಂತ ಆಸ್ತಿ.

ಮೊದಲ ಪಟ್ಟಿಗೆ ತಡೆ ಕೇಳುವುದು ಸಹಜ. ಎರಡನೆಯದಕ್ಕೂ ದಾರಿ ಇದೆ. ಮೂರನೆಯದು ಕಷ್ಟ: ಕಂಪನಿಯ ದುಡ್ಡು ಇಂಥ ದಿನ ಇಂಥ ಖಾತೆಗೆ ಹೋಗಿ ಅಲ್ಲಿಂದ ಆ ಫ್ಲ್ಯಾಟಾಯಿತು ಎಂದು ಎಳೆ ಹಿಡಿದು ತೋರಿಸಲಾಗದಿದ್ದರೆ ಕೈಹಾಕಬೇಡಿ. ಸಿಟ್ಟಿನಿಂದ ಮೂರನೇ ಪಟ್ಟಿಯನ್ನು ಸೇರಿಸಿ, ಸಿಗಬೇಕಿದ್ದ ಮೊದಲನೆಯದನ್ನೂ ಕಳೆದುಕೊಂಡವರಿದ್ದಾರೆ.

ಹಂತ 2: ಅರ್ಜಿ ಹಾಕುವ ಅರ್ಹತೆ ಲೆಕ್ಕಹಾಕಿ

ಕಂಪನಿ ಕಾಯ್ದೆ 2013ರ ಸೆಕ್ಷನ್ 241ರಡಿ ದಬ್ಬಾಳಿಕೆ ಮತ್ತು ದುರಾಡಳಿತದ ಅರ್ಜಿ ಹಾಕುವ ಅರ್ಹತೆಯನ್ನು ಸೆಕ್ಷನ್ 244 ಹೇಳುತ್ತದೆ. ಷೇರು ಬಂಡವಾಳವಿರುವ ಕಂಪನಿಯಲ್ಲಿ ಎರಡು ದಾರಿ. ಒಂದು, ತಲೆ ಲೆಕ್ಕ: 100 ಸದಸ್ಯರು ಅಥವಾ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ, ಇವೆರಡರಲ್ಲಿ ಕಡಿಮೆ ಯಾವುದೋ ಅದು. ಇನ್ನೊಂದು, ಹೊರಡಿಸಿದ ಷೇರು ಬಂಡವಾಳದ ಹತ್ತನೇ ಒಂದು ಭಾಗ. ಯಾವುದಾದರೂ ಒಂದು ಸಾಕು. ಷೇರಿನ ಮೇಲೆ ಕಟ್ಟಬೇಕಾದ ಬಾಕಿ ಇರಬಾರದು.

‘ನನಗೆ ಶೇ 10 ಇಲ್ಲವಲ್ಲ’ ಎಂದು ಕೈಚೆಲ್ಲಿ ಕೂತವರು ಎಷ್ಟೋ ಮಂದಿ. ತಲೆ ಲೆಕ್ಕ ನೋಡಿ. ನಮ್ಮ ಉದಾಹರಣೆಯಲ್ಲಿ ಸದಸ್ಯರು ಆರು; ಹತ್ತನೇ ಒಂದು ಭಾಗ ಎಂದರೆ 0.6. ಒಬ್ಬರೇ ಸಾಕು. ಹತ್ತು ಅಥವಾ ಅದಕ್ಕಿಂತ ಕಡಿಮೆ ಸದಸ್ಯರ ಕಂಪನಿಯಲ್ಲಿ ಪಾಲು ಎಷ್ಟೇ ಸಣ್ಣದಿದ್ದರೂ ಒಬ್ಬ ಸದಸ್ಯ ಅರ್ಜಿ ಹಾಕಬಹುದು. ಕುಟುಂಬದ ಕಂಪನಿಗಳಲ್ಲಿ ಬಹುಪಾಲು ಈ ಗುಂಪಿಗೇ ಸೇರುತ್ತವೆ.

ದೊಡ್ಡ ಕಂಪನಿಯಾದರೆ ಬಂಡವಾಳದ ಲೆಕ್ಕದಲ್ಲಿ ಪ್ರಿಫರೆನ್ಸ್ ಷೇರನ್ನು (ಲಾಭಾಂಶದಲ್ಲಿ ಮೊದಲ ಹಕ್ಕಿರುವ ಷೇರು) ಮರೆಯಬೇಡಿ. ಟಾಟಾ ಸನ್ಸ್ ವಿವಾದದಲ್ಲಿ ಈಕ್ವಿಟಿಯ ಶೇ 18ಕ್ಕೂ ಹೆಚ್ಚು ಪಾಲಿದ್ದ ಅರ್ಜಿದಾರರು, ಪ್ರಿಫರೆನ್ಸ್ ಷೇರು ಸೇರಿಸಿ ಲೆಕ್ಕಹಾಕಿದಾಗ ಹತ್ತನೇ ಒಂದು ಭಾಗಕ್ಕಿಂತ ಬಹಳ ಕೆಳಗಿಳಿದರು. 2017ರಲ್ಲಿ ಮೇಲ್ಮನವಿ ನ್ಯಾಯಮಂಡಳಿ (ಎನ್‌ಸಿಎಲ್‌ಎಟಿ) ಈ ಅರ್ಹತೆಯ ಷರತ್ತಿನಿಂದ ವಿನಾಯಿತಿ ಕೊಟ್ಟ ಮೇಲೆಯೇ ಅವರ ಪ್ರಕರಣ ಮುಂದುವರಿದದ್ದು. ಅರ್ಹತೆ ಬಗ್ಗೆ ಎಳ್ಳಷ್ಟು ಅನುಮಾನವಿದ್ದರೂ ವಿನಾಯಿತಿ ಅರ್ಜಿಯನ್ನು ಮೊದಲ ದಿನವೇ ಜೊತೆಗಿಡಿ. ಬಹುಮತದವರು ಹೊಸ ಷೇರು ಹಂಚಿಯೇ ನಿಮ್ಮ ಪಾಲು ಇಳಿಸಿದ್ದರೆ, ಹಂಚಿಕೆಗೆ ಮುಂಚಿನ ಮತ್ತು ನಂತರದ ಎರಡೂ ಲೆಕ್ಕ ಕೊಡಿ.

ಹಂತ 3: ಯಾವ ಬಾಗಿಲು ತಟ್ಟಬೇಕು?

ಸಿವಿಲ್ ಕೋರ್ಟಿಗೆ ಓಡಬೇಡಿ. ನ್ಯಾಯಮಂಡಳಿ ತೀರ್ಮಾನಿಸಬಹುದಾದ ವಿಷಯದಲ್ಲಿ ಸಿವಿಲ್ ಕೋರ್ಟಿಗೆ ಅಧಿಕಾರವಿಲ್ಲ, ತಡೆಯಾಜ್ಞೆ ಕೊಡುವಂತೆಯೂ ಇಲ್ಲ ಎಂದು ಸೆಕ್ಷನ್ 430 ಖಡಾಖಂಡಿತವಾಗಿ ಹೇಳುತ್ತದೆ. ಅಲ್ಲಿ ಎರಡು ತಿಂಗಳು ಕಳೆದು ವಾಪಸ್ ಬರುವಷ್ಟರಲ್ಲಿ ಆಸ್ತಿ ಇರುವುದಿಲ್ಲ.

ಕರ್ನಾಟಕದಲ್ಲಿ ನೋಂದಾಯಿತ ಕಚೇರಿ ಇರುವ ಕಂಪನಿಗೆ ಎನ್‌ಸಿಎಲ್‌ಟಿಯ ಬೆಂಗಳೂರು ಪೀಠ. ಅಲ್ಲಿ ನಿಮಗೆ ಮುಖ್ಯವಾಗಿ ಎರಡು ಅಸ್ತ್ರ.

ಮೊದಲನೆಯದು ಸೆಕ್ಷನ್ 242(4). ಕಂಪನಿಯ ವ್ಯವಹಾರವನ್ನು ಹದ್ದುಬಸ್ತಿನಲ್ಲಿಡಲು ನ್ಯಾಯಮಂಡಳಿಗೆ ಸರಿಕಂಡ ಯಾವುದೇ ಮಧ್ಯಂತರ ಆದೇಶ ಕೊಡುವ ಅಧಿಕಾರ ಇದರಲ್ಲಿದೆ. ಆದರೆ ಇದನ್ನು ಕೇಳುವವರು ಪ್ರಕರಣದ ಪಕ್ಷಗಾರರಾಗಿರಬೇಕು. ಅಂದರೆ 241ರ ಮುಖ್ಯ ಅರ್ಜಿ ಇಲ್ಲದೆ ಬರೀ ತಡೆ ಕೇಳಲಾಗದು. ಎರಡನ್ನೂ ಒಟ್ಟಿಗೆ ಸಲ್ಲಿಸಿ.

ಎರಡನೆಯದು ಸೆಕ್ಷನ್ 221. ಕಂಪನಿಯ ಹಣ, ಆಸ್ತಿಯನ್ನು ಕಂಪನಿಗೆ ಅಥವಾ ಷೇರುದಾರರಿಗೆ ಹಾನಿಯಾಗುವಂತೆ ಸಾಗಿಸುವ, ವರ್ಗಾಯಿಸುವ ಸಂಭವವಿದೆ ಎಂದು ಕಂಡರೆ ಗರಿಷ್ಠ ಮೂರು ವರ್ಷದವರೆಗೆ ತಡೆಯಬಹುದು. ಸೆಕ್ಷನ್ 244ರ ಅರ್ಹತೆ ಇರುವ ಸದಸ್ಯರು ದೂರು ಕೊಡಬಹುದು. ಇದನ್ನು ಮುರಿದರೆ ಕಂಪನಿಗೆ 1 ಲಕ್ಷದಿಂದ 25 ಲಕ್ಷ ರೂಪಾಯಿವರೆಗೆ ದಂಡ, ತಪ್ಪಿತಸ್ಥ ಅಧಿಕಾರಿಗೆ ಮೂರು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಈ ಸೆಕ್ಷನ್ ತನಿಖೆಯ ಅಧ್ಯಾಯದಲ್ಲಿರುವುದರಿಂದ, ತನಿಖೆಯಿಲ್ಲದೆ ಬಳಸುವಂತಿಲ್ಲ ಎಂಬ ಆಕ್ಷೇಪ ಬರಬಹುದು. ಅದೊಂದನ್ನೇ ನಂಬಬೇಡಿ, 242(4) ಮುಂದೆ, 221 ಅದರ ಜೊತೆಗೆ. ಷೇರುಗಳಿಗೆ ಸಂಬಂಧಿಸಿದ ನಿರ್ಬಂಧಕ್ಕೆ ಸೆಕ್ಷನ್ 222 ಇದೆ.

ಷೇರುದಾರರ ಒಪ್ಪಂದದಲ್ಲಿ ಮಧ್ಯಸ್ಥಿಕೆಯ (ಆರ್ಬಿಟ್ರೇಶನ್) ಷರತ್ತಿದ್ದು, ಜಗಳ ಆ ಒಪ್ಪಂದ ಮುರಿದದ್ದಕ್ಕೆ ಮಾತ್ರ ಸಂಬಂಧಿಸಿದ್ದರೆ ಮಧ್ಯಸ್ಥಿಕೆ ಕಾಯ್ದೆಯ ಸೆಕ್ಷನ್ 9ರ ದಾರಿ ನೋಡಬಹುದು. ಅಲ್ಲಿ ಆದೇಶ ಸಿಕ್ಕ 90 ದಿನದೊಳಗೆ ಮಧ್ಯಸ್ಥಿಕೆ ಶುರುವಾಗಬೇಕು. ದಬ್ಬಾಳಿಕೆ, ದುರಾಡಳಿತದ ದೂರಾದರೆ ಎನ್‌ಸಿಎಲ್‌ಟಿಯೇ ಸರಿ.

ಹಂತ 4: ದಾಖಲೆ ಒಟ್ಟುಮಾಡಿ, ಸದ್ದಿಲ್ಲದೆ

ನೋಟಿಸ್ ಕೊಡುವ ಮೊದಲು, ಜಗಳವಾಡುವ ಮೊದಲು, ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಕೋರ್ಟಿನಲ್ಲಿ ನೋಡ್ಕೋತೀನಿ’ ಎಂದು ಬರೆಯುವ ಮೊದಲು ಇದು ಮುಗಿದಿರಬೇಕು. ಎಚ್ಚರಿಕೆ ಸಿಕ್ಕವರು ಕಾಯುತ್ತ ಕೂರುವುದಿಲ್ಲ.

ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ (ಎಂಸಿಎ) ಪೋರ್ಟಲ್‌ನಿಂದ ಶುರುಮಾಡಿ. ಸಣ್ಣ ಶುಲ್ಕ ಕಟ್ಟಿದರೆ ಕಂಪನಿಯ ಸಾರ್ವಜನಿಕ ದಾಖಲೆ ಯಾರಿಗಾದರೂ ಸಿಗುತ್ತದೆ. ಯಾರ ಅನುಮತಿಯೂ ಬೇಡ, ಯಾರಿಗೂ ಸುಳಿವೂ ಹೋಗುವುದಿಲ್ಲ. ಎಒಸಿ-4 ನಮೂನೆಯಲ್ಲಿ ಲೆಕ್ಕಪತ್ರ; ಅದರಲ್ಲಿ ಸಂಬಂಧಿತರ ಜೊತೆಗಿನ ವ್ಯವಹಾರದ ಟಿಪ್ಪಣಿಯನ್ನು ಎರಡು ಸಲ ಓದಿ. ಎಂಜಿಟಿ-7ರಲ್ಲಿ ಷೇರುದಾರರ ವಿವರ, ಪಿಎಎಸ್-3ರಲ್ಲಿ ಹೊಸ ಷೇರು ಹಂಚಿಕೆ, ಸಿಎಚ್‌ಜಿ-1ರಲ್ಲಿ ಆಸ್ತಿ ಮೇಲಿನ ಅಡಮಾನ, ಡಿಐಆರ್-12ರಲ್ಲಿ ನಿರ್ದೇಶಕರ ಬದಲಾವಣೆ. ಐದು ವರ್ಷದ್ದು ಇಳಿಸಿಕೊಂಡು, ಒಂದೇ ಕಾಗದದ ಮೇಲೆ ವರ್ಷಾವಾರು ಇಟ್ಟು ನೋಡಿ. ಕಳೆದ ಮಾರ್ಚಿನಲ್ಲಿದ್ದ ಠೇವಣಿ ಈ ಮಾರ್ಚಿನಲ್ಲಿ ‘ಸರಬರಾಜುದಾರರಿಗೆ ಮುಂಗಡ’ ಎಂದು ಬದಲಾಗಿದ್ದರೆ ನಿಮ್ಮ ಪ್ರಕರಣದ ಬೆನ್ನೆಲುಬು ಸಿಕ್ಕಂತೆ.

ಜಾಗಕ್ಕೆ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ ತೆಗೆಸಿ. ಕೃಷಿ ಜಮೀನಾದರೆ ಪಹಣಿ, ನಗರದ ಸ್ವತ್ತಾದರೆ ಖಾತಾ. ಒಂದು ಎಚ್ಚರ: ನೋಂದಣಿಯಾಗದ ಕ್ರಯದ ಕರಾರು ಇಸಿಯಲ್ಲಿ ಕಾಣುವುದಿಲ್ಲ. ಇಸಿ ಖಾಲಿ ಇದೆಯೆಂದು ನಿರಾಳವಾಗಬೇಡಿ. ಜಾಗದಲ್ಲಿ ಅಳತೆ ಮಾಡುವವರು ಬಂದಿದ್ದರೇ, ದಲ್ಲಾಳಿಗಳು ಫೋಟೊ ಹಂಚುತ್ತಿದ್ದಾರೆಯೇ ಎಂದು ವಿಚಾರಿಸಿ, ದಿನಾಂಕ ಸಹಿತ ಬರೆದಿಡಿ.

ಕಂಪನಿಯಿಂದ ಹಕ್ಕಿನಿಂದ ಕೇಳಬಹುದಾದವು: ಸಾಮಾನ್ಯ ಸಭೆಯ ನಡಾವಳಿ (ಸೆಕ್ಷನ್ 119, ಏಳು ಕೆಲಸದ ದಿನದೊಳಗೆ ಪ್ರತಿ ಕೊಡಬೇಕು), ಸದಸ್ಯರ ರಿಜಿಸ್ಟರ್ (ಸೆಕ್ಷನ್ 94). ಬೋರ್ಡ್ ಮೀಟಿಂಗಿನ ನಡಾವಳಿ ಷೇರುದಾರನಿಗೆ ಹಕ್ಕಾಗಿ ಸಿಗದು. ನೀವು ನಿರ್ದೇಶಕರೂ ಆಗಿದ್ದರೆ ಸಿಗುತ್ತದೆ, ಲೆಕ್ಕದ ಪುಸ್ತಕವೂ ಸೆಕ್ಷನ್ 128ರಡಿ ಸಿಗುತ್ತದೆ. ನಿರ್ದೇಶಕ ಸ್ಥಾನದಿಂದ ನಿಮ್ಮನ್ನು ತೆಗೆಯುವ ನೋಟಿಸ್ ಬಂದಿದ್ದರೆ ಆ ಸಭೆಗೆ ಮುಂಚೆಯೇ ಲೆಕ್ಕ ನೋಡಿ ಮುಗಿಸಿ.

ಮಾಡಬಾರದ್ದು: ಅಕೌಂಟೆಂಟಿನ ಪಾಸ್‌ವರ್ಡ್ ಬಳಸಿ ಇಮೇಲ್ ತೆರೆಯುವುದು, ಕಚೇರಿಯಿಂದ ಮೂಲ ಕಡತ ಎತ್ತಿ ತರುವುದು. ಪ್ರಕರಣದ ದಿಕ್ಕೇ ತಿರುಗಿ ಆರೋಪಿಯ ಜಾಗದಲ್ಲಿ ನೀವಿರುತ್ತೀರಿ. ನಿಮಗೆ ಬಂದ ವಾಟ್ಸ್ಆ್ಯಪ್, ಇಮೇಲ್‌ಗಳ ಮುದ್ರಿತ ಪ್ರತಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು, ಅದರಲ್ಲಿ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲವೆಂದು ತೋರಿಸುವ ಅಂಕಿ-ಅಕ್ಷರದ ಗುರುತು) ನಮೂದಿಸಬೇಕು. ಮೂಲ ಸಂದೇಶ ಇರುವ ಫೋನನ್ನು ಬದಲಿಸಬೇಡಿ, ಚಾಟ್ ಅಳಿಸಬೇಡಿ.

ಪಹಣಿ, ಕ್ರಯಪತ್ರ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಜೊತೆಗಿರಬೇಕು. ತುರ್ತಿನ ದಿನ ಅನುವಾದಕರನ್ನು ಹುಡುಕುತ್ತ ಕೂರುವಂತಾಗಬಾರದು.

ಹಂತ 5: ಅಪಾಯದ ಲಕ್ಷಣ ಯಾವುದು, ಬರೀ ಅಸಮಾಧಾನ ಯಾವುದು?

ಮಧ್ಯಂತರ ತಡೆಯ ಜೀವ ಇರುವುದು ಇಲ್ಲಿ. ಆಸ್ತಿ ಜಾರಲಿದೆ ಎಂಬ ಭಯಕ್ಕೆ ಕಣ್ಣಿಗೆ ಕಾಣುವ ಆಧಾರ ಬೇಕು.

ತೂಕವಿರುವ ಲಕ್ಷಣಗಳು: ಅವಧಿಗೆ ಮುನ್ನ ಮುರಿದ ಠೇವಣಿ. ಹೊಸದಾಗಿ ಹುಟ್ಟಿದ, ನಿರ್ದೇಶಕರ ಬಂಧುಗಳ ಸಂಸ್ಥೆಗೆ ದೊಡ್ಡ ಮುಂಗಡ. ಹಳೆಯ ಗ್ರಾಹಕರ ಬಿಲ್ಲು ಬೇರೆ ಸಂಸ್ಥೆಯ ಹೆಸರಿನಲ್ಲಿ ಹೋಗತೊಡಗಿರುವುದು. ಮಾರುಕಟ್ಟೆ ಬೆಲೆಗಿಂತ ಬಹಳ ಕಡಿಮೆಗೆ ಜಾಗದ ಕರಾರು. ದಿಢೀರನೆ ನೋಂದಾಯಿತ ಕಚೇರಿಯ ಬದಲಾವಣೆ. ವರ್ಷಗಳಿಂದಿದ್ದ ಆಡಿಟರ್ ರಾಜೀನಾಮೆ ಕೊಟ್ಟು ಹೋಗಿರುವುದು. ಒಬ್ಬರ ಸಹಿಯಲ್ಲೇ ಖಾತೆ ನಡೆಯುವಂತೆ ಬ್ಯಾಂಕಿಗೆ ಕೊಟ್ಟ ಹೊಸ ನಿರ್ಣಯ. ಇವುಗಳಲ್ಲಿ ಒಂದು ಇದ್ದರೆ ಗಮನಿಸಿ; ಎರಡು ಮೂರು ತಿಂಗಳೊಳಗೆ ಮೂರು ಒಟ್ಟಿಗೆ ಕಂಡರೆ ಅರ್ಜಿ ಸಿದ್ಧಮಾಡಿ.

ಲಾಭಾಂಶ ಕೊಡದಿರುವುದು, ಸಭೆಯಲ್ಲಿ ಮಾತಾಡಲು ಬಿಡದಿರುವುದು, ನಿರ್ದೇಶಕರ ಸಂಬಳ ಹೆಚ್ಚಿಸಿದ್ದು, ಕರೆ ಎತ್ತದಿರುವುದು, ಇವು ಮುಖ್ಯ ಅರ್ಜಿಗೆ ಉಪಯೋಗಕ್ಕೆ ಬರುವ ಸಂಗತಿಗಳು. ಆಸ್ತಿ ಸ್ಥಗಿತಕ್ಕೆ ಇವು ಕಾರಣವಾಗುವುದಿಲ್ಲ.

ಇಲ್ಲೇ ಇನ್ನೊಂದು ಪೊಳ್ಳು ಭರವಸೆ. ‘ಇಡೀ ಜಾಗ ಮಾರಬೇಕಾದರೆ ವಿಶೇಷ ನಿರ್ಣಯ (ನಾಲ್ಕರಲ್ಲಿ ಮೂರು ಭಾಗ ಮತ) ಬೇಕಲ್ಲವೇ, ನಾವು ಒಪ್ಪದಿದ್ದರೆ ಆಗದು’ ಎಂದು ಸೆಕ್ಷನ್ 180 ನಂಬಿ ಕೂತವರಿದ್ದಾರೆ. 2015ರ ಜೂನ್ 5ರ ಅಧಿಸೂಚನೆಯಿಂದ ಪ್ರೈವೇಟ್ ಕಂಪನಿಗಳಿಗೆ ಆ ಸೆಕ್ಷನ್ನಿನಿಂದ ವಿನಾಯಿತಿ ಸಿಕ್ಕಿದೆ. ಆದರೆ 2017ರಲ್ಲಿ ಒಂದು ಷರತ್ತು ಸೇರಿತು: ಲೆಕ್ಕಪತ್ರ ಮತ್ತು ವಾರ್ಷಿಕ ವಿವರವನ್ನು ರಿಜಿಸ್ಟ್ರಾರ್‌ಗೆ ಸಲ್ಲಿಸುವುದರಲ್ಲಿ ತಪ್ಪಿದ ಕಂಪನಿಗೆ ಈ ವಿನಾಯಿತಿ ಇಲ್ಲ. ಎಂಸಿಎ ದಾಖಲೆ ತೆಗೆದಾಗ ಎಒಸಿ-4, ಎಂಜಿಟಿ-7 ಬಾಕಿ ಇವೆಯೇ ಎಂದು ನೋಡಿ. ಬಾಕಿ ಇದ್ದರೆ ಅದೇ ನಿಮಗೆ ದೊಡ್ಡ ವಾದ. ಕಂಪನಿಯ ಆರ್ಟಿಕಲ್ಸ್‌ನಲ್ಲಿ (ಒಳ ನಿಯಮಾವಳಿ) ಇಂಥ ಮಾರಾಟಕ್ಕೆ ಬೇರೆ ಷರತ್ತಿದೆಯೇ ಎಂದೂ ಓದಿ.

ಹಂತ 6: ದಿನ ಎಣಿಸಿ

ತಡಮಾಡಿದವರಿಗೆ ಮಧ್ಯಂತರ ಪರಿಹಾರ ಒಲಿಯುವುದಿಲ್ಲ. ‘ಮಾರ್ಚಿನಲ್ಲಿ ಗೊತ್ತಾಗಿದ್ದರೆ ನವೆಂಬರಿನವರೆಗೆ ಏನು ಮಾಡುತ್ತಿದ್ದಿರಿ?’ ಎಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ತುರ್ತಿನ ಮಾತು ಅಲ್ಲಿಗೇ ಮುಗಿಯಿತು.

ಇದಕ್ಕಿಂತ ಗಟ್ಟಿಯಾದ ಕಾರಣ ಕಾಯ್ದೆಯೊಳಗೇ ಇದೆ. ಕಂಪನಿಯ ಸ್ವತ್ತಿಗೆ ಸಂಬಂಧಿಸಿದ, ಮೋಸದ ಪಕ್ಷಪಾತ (ಉಳಿದವರನ್ನು ವಂಚಿಸಿ ಒಬ್ಬರಿಗೆ ಅನುಕೂಲ ಮಾಡುವುದು) ಎನಿಸುವ ವರ್ಗಾವಣೆ ಅಥವಾ ಪಾವತಿಯನ್ನು ರದ್ದುಮಾಡುವ ಅಧಿಕಾರ ಸೆಕ್ಷನ್ 242(2)(ಜಿ)ಯಲ್ಲಿದೆ, ಆದರೆ ಅದು ಅರ್ಜಿಗೆ ಹಿಂದಿನ ಮೂರು ತಿಂಗಳೊಳಗೆ ಆದದ್ದಕ್ಕೆ ಮಾತ್ರ. ಹೊರಗಿನವರ ಜೊತೆ ಕಂಪನಿ ಮಾಡಿಕೊಂಡ ಒಪ್ಪಂದವನ್ನು ಅದೇ ಉಪಸೆಕ್ಷನ್ನಿನ (ಎಫ್) ಅಡಿ ರದ್ದುಮಾಡಬೇಕಾದರೆ ಆ ಹೊರಗಿನವರ ಒಪ್ಪಿಗೆಯೇ ಬೇಕು! ಜಾಗ ಮಾರುವ ಒಪ್ಪಂದ ಕೈಸೇರಿದ ಮೇಲೆ ಹಿಂದಕ್ಕೆ ತರುವುದು ಎಷ್ಟು ಕಷ್ಟ ಎಂಬುದಕ್ಕೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಮುಂಚೆ ತಡೆಯುವುದೊಂದೇ ದಾರಿ.

ಹಂತ 7: ಅರ್ಜಿಯ ಬರವಣಿಗೆ

ಅರ್ಜಿ ಎನ್‌ಸಿಎಲ್‌ಟಿ-1 ನಮೂನೆಯಲ್ಲಿ, ಪ್ರಮಾಣೀಕರಿಸುವ ಅಫಿಡವಿಟ್ ಎನ್‌ಸಿಎಲ್‌ಟಿ-6ರಲ್ಲಿ. ಮಧ್ಯಂತರ ಅರ್ಜಿಯ ಜೊತೆ ಎನ್‌ಸಿಎಲ್‌ಟಿ-3. ನಮೂನೆಯ ಕೆಲಸ ವಕೀಲರು ಮಾಡುತ್ತಾರೆ. ನೀವು ಕೊಡಬೇಕಾದ್ದು ದಿನಾಂಕದ ಪಟ್ಟಿ.

ಪಟ್ಟಿಯ ಒಂದೊಂದು ಸಾಲಿನಲ್ಲಿ ನಾಲ್ಕೇ ಸಂಗತಿ ಇರಲಿ: ದಿನಾಂಕ, ಏನಾಯಿತು, ಎಷ್ಟು ಮೊತ್ತ, ಯಾವ ದಾಖಲೆಯ ಎಷ್ಟನೇ ಪುಟ. ಹೀಗೆ (3ನೇ ಎದುರುದಾರ ಎಂದರೆ ವ್ಯವಸ್ಥಾಪಕ ನಿರ್ದೇಶಕರ ಮನೆಯವರ ಹೊಸ ಸಂಸ್ಥೆ): ‘ಜೂನ್ 12. 2.40 ಕೋಟಿ ಠೇವಣಿಯಲ್ಲಿ 90 ಲಕ್ಷ ಅವಧಿಗೆ ಮುನ್ನ ಮುರಿಯಲಾಯಿತು. ಬ್ಯಾಂಕ್ ವಿವರ, ಪುಟ 64. ಜೂನ್ 14. ಅದೇ 90 ಲಕ್ಷ 3ನೇ ಎದುರುದಾರ ಸಂಸ್ಥೆಗೆ ಮುಂಗಡ. ಪುಟ 65. ಆ ಸಂಸ್ಥೆ ನೋಂದಣಿಯಾದದ್ದು ಮೇ 28. ಪುಟ 71.’ ಒಂದೂ ಬೈಗುಳವಿಲ್ಲ, ವಿಶೇಷಣವಿಲ್ಲ. ಓದಿದವರಿಗೆ ತಾನಾಗಿಯೇ ಅರ್ಥವಾಗುತ್ತದೆ.

ಅದರ ಮೇಲೆ ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ಮೇಲ್ನೋಟಕ್ಕೆ ಪ್ರಕರಣ ಇದೆಯೇ? ತಡೆ ಕೊಟ್ಟರೆ ಅವರಿಗಾಗುವ ತೊಂದರೆ ಹೆಚ್ಚೋ, ಕೊಡದಿದ್ದರೆ ಕಂಪನಿಗಾಗುವುದು ಹೆಚ್ಚೋ? ದುಡ್ಡಿನಿಂದ ತುಂಬಲಾಗದ ನಷ್ಟ ಆಗುತ್ತದೆಯೇ? ಎಲ್ಲರೂ ಮೂರನೆಯದರಲ್ಲಿ ಸೋಲುತ್ತಾರೆ. ‘ಅಪಾರ ನಷ್ಟವಾಗುತ್ತದೆ’ ಎಂದರೆ ಸಾಲದು. ಕಾರ್ಖಾನೆ ನಿಂತಿರುವುದೇ ಆ ಒಂದು ಎಕರೆಯಲ್ಲಿ, ಅದು ಹೋದರೆ ಉತ್ಪಾದನೆ ನಿಲ್ಲುತ್ತದೆ, ಗೆದ್ದ ಮೇಲೆ ನನಗೆ ಸಿಗುವುದು ಖಾಲಿ ಡಬ್ಬಿಯ ಷೇರು ಎಂದು ಬಿಡಿಸಿ ಹೇಳಿ.

ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 38, ನಿಯಮ 5ರ ಬಗ್ಗೆ ಸುಪ್ರೀಂ ಕೋರ್ಟ್ 2008ರಲ್ಲಿ ರಾಮನ್ ಟೆಕ್ ಪ್ರಕರಣದಲ್ಲಿ ಹೇಳಿದ ಎಚ್ಚರಿಕೆಯನ್ನು ಎದುರುದಾರರು ಖಂಡಿತ ಎತ್ತುತ್ತಾರೆ: ತೀರ್ಪಿಗೆ ಮುಂಚೆ ಆಸ್ತಿ ಹಿಡಿಸುವುದು ಎದುರಿನವರನ್ನು ರಾಜಿಗೆ ಬಗ್ಗಿಸುವ ಹತಾರವಾಗಬಾರದು. ನಿಮ್ಮ ನೋಟಿಸಿನಲ್ಲಿ ‘ನನ್ನ ಷೇರು ಇಷ್ಟಕ್ಕೆ ಕೊಂಡುಕೊಳ್ಳಿ, ಇಲ್ಲವಾದರೆ ತಡೆಯಾಜ್ಞೆ ತರುತ್ತೇನೆ’ ಎಂದು ಬರೆದಿದ್ದರೆ ಅವರ ವಾದಕ್ಕೆ ನೀವೇ ಸಾಕ್ಷಿ.

ಮುಚ್ಚಿಡಬೇಡಿ. ನೀವು ಒಪ್ಪಿ ಸಹಿ ಹಾಕಿದ ಹಳೆಯ ನಿರ್ಣಯ, ಬೇರೆ ಕಡೆ ಹೂಡಿದ ದಾವೆ, ಕಂಪನಿಗೆ ನೀವು ಕೊಡಬೇಕಾದ ಸಾಲ, ಎಲ್ಲವನ್ನೂ ನೀವೇ ಹೇಳಿ. ಎದುರುದಾರರ ಗೈರಿನಲ್ಲಿ ಆದೇಶ ಕೇಳುವವರು ಪೂರ್ತಿ ಪ್ರಾಮಾಣಿಕವಾಗಿರಬೇಕು ಎಂಬುದು 1994ರ ಮಾರ್ಗನ್ ಸ್ಟ್ಯಾನ್ಲಿ ತೀರ್ಪಿನಿಂದ ಗಟ್ಟಿಯಾದ ಮಾತು. ಸಿಕ್ಕ ತಡೆ ತೆರವಾಗುವುದು ಇಂಥ ಮುಚ್ಚುಮರೆಯಿಂದಲೇ.

ಹಂತ 8: ಬೇಡಿಕೆಯ ಸಾಲುಗಳು

ಇಡೀ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಕೊಡಬೇಕಾದ್ದು ಇದಕ್ಕೆ. ಬೇಡಿಕೆ ಕಿರಿದಾಗಿದ್ದಷ್ಟೂ ಸಿಗುವ ಸಂಭವ ಹೆಚ್ಚು. ‘ಸಮಸ್ತ ಆಸ್ತಿ’ ಎಂದರೆ ಸಂಬಳವೂ ನಿಲ್ಲುತ್ತದೆ, ಕಂಪನಿಯೂ ನಿಲ್ಲುತ್ತದೆ; ಅಂಥ ಆದೇಶ ಕೊಡಲು ಯಾವ ಪೀಠವೂ ಹಿಂಜರಿಯುತ್ತದೆ. ನಮ್ಮ ಉದಾಹರಣೆಗೆ ಬೇಡಿಕೆ ಹೀಗಿರಬಹುದು:

‘ಒಂದು, ಮುಖ್ಯ ಅರ್ಜಿ ಇತ್ಯರ್ಥವಾಗುವವರೆಗೆ ಅನುಸೂಚಿಯಲ್ಲಿ ವಿವರಿಸಿದ ಒಂದು ಎಕರೆ ಸ್ವತ್ತನ್ನು ಮಾರುವುದು, ಗುತ್ತಿಗೆ ಕೊಡುವುದು, ಅಡವಿಡುವುದು, ಸ್ವಾಧೀನ ಬಿಟ್ಟುಕೊಡುವುದು ಕೂಡದು. ಎರಡು, ಉಳಿದ 1.50 ಕೋಟಿ ಠೇವಣಿಯನ್ನು ನ್ಯಾಯಮಂಡಳಿಯ ಅನುಮತಿಯಿಲ್ಲದೆ ಮುರಿಯಕೂಡದು. ಮೂರು, 3ನೇ ಎದುರುದಾರ ಸಂಸ್ಥೆಗೆ ಯಾವುದೇ ಪಾವತಿ ಕೂಡದು. ನಾಲ್ಕು, ನೌಕರರ ಸಂಬಳ, ಪಿಎಫ್, ಇಎಸ್‌ಐ, ಜಿಎಸ್‌ಟಿ, ಟಿಡಿಎಸ್, ವಿದ್ಯುತ್ ಬಿಲ್, ಬ್ಯಾಂಕ್ ಕಂತು ಮತ್ತು ವಾಡಿಕೆಯ ಕಚ್ಚಾಮಾಲಿನ ಖರ್ಚಿಗೆ ಈ ಆದೇಶ ಅಡ್ಡಿಯಲ್ಲ. ಐದು, ಎರಡು ವಾರದೊಳಗೆ ಕಂಪನಿಯ ಎಲ್ಲ ಆಸ್ತಿ, ಖಾತೆಗಳ ವಿವರವನ್ನು ಅಫಿಡವಿಟ್ ಮೂಲಕ ಸಲ್ಲಿಸಬೇಕು.’

ನಾಲ್ಕನೇ ಸಾಲನ್ನು ಬಿಡುವವರೇ ಹೆಚ್ಚು. ಆ ಒಂದು ಸಾಲು ‘ಕಂಪನಿ ಮುಚ್ಚಿಹೋಗುತ್ತದೆ’ ಎಂಬ ಎದುರುದಾರರ ಮುಖ್ಯ ವಾದವನ್ನು ಮೊದಲೇ ತೆಗೆದುಹಾಕುತ್ತದೆ. ಐದನೆಯದೂ ಅಷ್ಟೇ ಮುಖ್ಯ: ಎಲ್ಲೆಲ್ಲಿ ಏನಿದೆ ಎಂದು ಪ್ರಮಾಣ ಮಾಡಿ ಹೇಳಿದ ಮೇಲೆ ಬಚ್ಚಿಡುವುದು ಸುಲಭವಲ್ಲ.

ಅನುಸೂಚಿಯಲ್ಲಿ ಜಾಗದ ನಂಬರು, ಚಕ್ಕುಬಂದಿ, ಖಾತೆಯ ಕೊನೆಯ ಅಂಕಿಗಳು, ಬ್ಯಾಂಕಿನ ಶಾಖೆ ಎಲ್ಲ ಇರಲಿ. ಬರೀ ‘ಯಥಾಸ್ಥಿತಿ ಕಾಪಾಡಿ’ ಎಂಬ ಆದೇಶಕ್ಕೆ ತೃಪ್ತರಾಗಬೇಡಿ. ಯಾವ ದಿನದ, ಯಾವುದರ ಯಥಾಸ್ಥಿತಿ ಎಂಬುದಿಲ್ಲದಿದ್ದರೆ ಇಬ್ಬರೂ ತಮಗೆ ಬೇಕಾದಂತೆ ಓದಿಕೊಳ್ಳುತ್ತಾರೆ. ಕೊಳ್ಳುವವರು ಯಾರೆಂದು ಗೊತ್ತಿದ್ದರೆ ಅವರನ್ನೂ ಎದುರುದಾರರನ್ನಾಗಿ ಸೇರಿಸಿ. ಆಮೇಲೆ ‘ನಮಗೆ ಗೊತ್ತೇ ಇರಲಿಲ್ಲ’ ಎನ್ನುವ ದಾರಿ ಮುಚ್ಚುತ್ತದೆ.

ಹಂತ 9: ಪೀಠದ ಮುಂದೆ

ಮೊದಲು ಎದುರುದಾರರು ಕೇವಿಯಟ್ ಹಾಕಿದ್ದಾರೆಯೇ ನೋಡಿ. ಹಾಕಿದ್ದರೆ ಅವರಿಗೆ ತಿಳಿಸದೆ ಆದೇಶ ಸಿಗದು. ಹಾಕದಿದ್ದರೂ ಗೈರಿನ ಆದೇಶಕ್ಕೆ ಪ್ರತ್ಯೇಕ ಕಾರಣ ಬೇಕು: ನೋಟಿಸ್ ತಲುಪುವ ಹೊತ್ತಿಗೆ ನೋಂದಣಿ ಮುಗಿಯುತ್ತದೆ ಎಂದು ತೋರಿಸುವ ಒಂದು ಕಾಗದ ಇರಲಿ.

ಪೀಠ ಪೂರ್ತಿ ತಡೆಗೆ ಒಪ್ಪದಿದ್ದರೆ ಬರಿಗೈಲಿ ಬರಬೇಡಿ. ಮೆಟ್ಟಿಲಿಳಿದು ಕೇಳಲು ಸಿದ್ಧರಿರಿ: ಮಾರುವ ಮುಂಚೆ 15 ದಿನ ಮೊದಲು ತಿಳಿಸಲಿ; ಮಾರಿದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಡಲಿ; ದೊಡ್ಡ ಚೆಕ್ಕಿಗೆ ಇಬ್ಬರ ಸಹಿ ಇರಲಿ; ಸ್ವತಂತ್ರ ವೀಕ್ಷಕರೊಬ್ಬರನ್ನು ನೇಮಿಸಲಿ. ಕಡೇಪಕ್ಷ ‘ಮುಂದಿನ ದಿನಾಂಕದವರೆಗೆ ಮಾರುವುದಿಲ್ಲ’ ಎಂದು ಎದುರು ವಕೀಲರು ಹೇಳಿದ ಮಾತನ್ನು ಆದೇಶದಲ್ಲಿ ದಾಖಲು ಮಾಡಿಸಿ. ಬಾಯಿಮಾತಾಗಿ ಉಳಿದದ್ದು ಬಾಗಿಲು ದಾಟಿದರೆ ಮುಗಿಯಿತು.

ಹಂತ 10: ಆದೇಶ ಕೈಗೆ ಬಂದ ದಿನವೇ

ಗೆದ್ದೆವೆಂದು ಮನೆಗೆ ಹೋಗುವುದು ದೊಡ್ಡ ತಪ್ಪು. ಉಪನೋಂದಣಾಧಿಕಾರಿಗೆ ಆದೇಶ ಗೊತ್ತಿಲ್ಲದಿದ್ದರೆ ಅವರು ನೋಂದಣಿ ಮಾಡಿಯೇ ಮಾಡುತ್ತಾರೆ. ಪ್ರಮಾಣೀಕೃತ ಪ್ರತಿಗೆ ಅರ್ಜಿ ಹಾಕಿ. ಅದು ಬರುವವರೆಗೆ ವೆಬ್‌ಸೈಟಿನ ಪ್ರತಿಯನ್ನು ವಕೀಲರ ಪತ್ರದ ಜೊತೆ ಕಳಿಸಿ. ಕಂಪನಿ, ಪ್ರತಿಯೊಬ್ಬ ನಿರ್ದೇಶಕ, ಬ್ಯಾಂಕಿನ ಶಾಖೆ, ಉಪನೋಂದಣಾಧಿಕಾರಿ ಕಚೇರಿ, ನಮ್ಮ ಉದಾಹರಣೆಯ ಜಾಗಕ್ಕೆ ಕೆಐಎಡಿಬಿ, ಷೇರು ಡಿಮ್ಯಾಟ್‌ನಲ್ಲಿದ್ದರೆ ಡಿಪಾಸಿಟರಿ. ಸ್ಪೀಡ್ ಪೋಸ್ಟ್, ಇಮೇಲ್ ಎರಡೂ. ಸಾಧ್ಯವಿದ್ದಲ್ಲಿ ಖುದ್ದಾಗಿ ಕೊಟ್ಟು ಮೊಹರು ಹಾಕಿಸಿಕೊಳ್ಳಿ. ಕಂಪನಿ ರಿಜಿಸ್ಟ್ರಾರ್ ಬಳಿ ಐಎನ್‌ಸಿ-28 ಮೂಲಕ ಆದೇಶ ದಾಖಲಾಗಬೇಕು. ಕಂಪನಿ ಅದನ್ನು ಮಾಡುತ್ತದೆಂದು ನಂಬದೆ ರಿಜಿಸ್ಟ್ರಾರ್‌ಗೆ ನೀವೂ ಪ್ರತಿ ಕಳಿಸಿ.

ಆದೇಶ ‘ಮುಂದಿನ ದಿನಾಂಕದವರೆಗೆ’ ಎಂದಿದ್ದರೆ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿ. ಆ ದಿನ ಪೀಠ ಕೂರದಿದ್ದರೆ, ಪ್ರಕರಣ ಪಟ್ಟಿಯಲ್ಲಿ ಬರದಿದ್ದರೆ ಅಂದೇ ವಿಸ್ತರಣೆ ಕೇಳಬೇಕು. ಒಂದು ವಾರದ ಬಿರುಕು ಸಾಕು, ಎಲ್ಲ ಹೋಗಲು. ತಿಂಗಳಿಗೊಮ್ಮೆ ಇಸಿ, ಎಂಸಿಎ ದಾಖಲೆ ಮತ್ತೆ ತೆಗೆಯಿರಿ.

ಮುರಿದರೆಂದು ತಿಳಿದರೆ ಸೆಕ್ಷನ್ 425ರಡಿ ನ್ಯಾಯಾಂಗ ನಿಂದನೆ ಅರ್ಜಿ; ಈ ವಿಷಯದಲ್ಲಿ ನ್ಯಾಯಮಂಡಳಿಗೆ ಹೈಕೋರ್ಟಿನಂಥ ಅಧಿಕಾರವಿದೆ. ಆದೇಶ ಅವರಿಗೆ ಯಾವಾಗ ತಲುಪಿತು ಎಂಬ ಪುರಾವೆಯೇ ಅಲ್ಲಿ ಎಲ್ಲ. ಆ ಮೊಹರಿನ ಪ್ರತಿ ಜೋಪಾನ.

ತಡೆ ಕೆಲಸ ಮಾಡದ ಎರಡು ಸಂದರ್ಭ

ಆಸ್ತಿ ಬ್ಯಾಂಕಿಗೆ ಅಡವಿದ್ದು ಸಾಲದ ಕಂತು ನಿಂತರೆ, ಕೋರ್ಟಿಗೆ ಹೋಗದೆ ಅಡವಿನ ಆಸ್ತಿ ವಶಪಡಿಸಿಕೊಳ್ಳಲು ಬಿಡುವ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು 60 ದಿನದ ನೋಟಿಸ್ ಕೊಟ್ಟು ಮುಂದುವರಿಯುತ್ತದೆ. ಷೇರುದಾರರ ನಡುವಿನ ತಡೆ ಬ್ಯಾಂಕಿನ ಕೈ ಕಟ್ಟುತ್ತದೆಂದು ಎಣಿಸಬೇಡಿ. ಬೇಕೆಂದೇ ಕಂತು ನಿಲ್ಲಿಸುತ್ತಿದ್ದಾರೆಂದು ಕಂಡರೆ, ಕಂತು ಕಟ್ಟುವಂತೆ ನಿರ್ದೇಶನ ಕೇಳಿ.

ಇನ್ನೊಂದು ದಿವಾಳಿ ಸಂಹಿತೆ. ದಿವಾಳಿ ಅರ್ಜಿಯನ್ನು ನ್ಯಾಯಮಂಡಳಿ ಅಂಗೀಕರಿಸಿದ ದಿನದಿಂದ ಸೆಕ್ಷನ್ 14ರ ಮೊರಟೋರಿಯಂ ಬಂದು, ಕಂಪನಿಯ ವಿರುದ್ಧದ ನಿಮ್ಮ ಪ್ರಕರಣ ಅಲ್ಲೇ ನಿಲ್ಲುತ್ತದೆ. ಕಂಪನಿ ತಾನೇ ದಿವಾಳಿ ಅರ್ಜಿ ಹಾಕಲು ಷೇರುದಾರರ ವಿಶೇಷ ನಿರ್ಣಯ ಬೇಕು, ಆದ್ದರಿಂದ ಶೇ 25ಕ್ಕಿಂತ ಹೆಚ್ಚು ಮತವಿರುವ ಗುಂಪು ಅದನ್ನು ತಡೆಯಬಲ್ಲದು. ಒಳಒಪ್ಪಂದ ಮಾಡಿಕೊಂಡು, ಕಂಪನಿಗೆ ಸಾಲ ಕೊಟ್ಟವರೊಬ್ಬರಿಂದ ಹಾಕಿಸಿದರೆ ಆ ತಡೆ ಇಲ್ಲ. 1 ಕೋಟಿ ರೂಪಾಯಿ ಬಾಕಿ ತೋರಿಸಿದರೆ ಸಾಕು. ಎನ್‌ಸಿಎಲ್‌ಟಿ ದಿನದ ಪಟ್ಟಿಯಲ್ಲಿ ನಿಮ್ಮ ಕಂಪನಿಯ ಹೆಸರು ಬೇರೆ ಪ್ರಕರಣದಲ್ಲಿ ಬಂದಿದೆಯೇ ಎಂದು ವಾರಕ್ಕೊಮ್ಮೆಯಾದರೂ ಹುಡುಕಿ. ಬಂದಿದ್ದರೆ ತಡಮಾಡದೆ ಆ ಪ್ರಕರಣದಲ್ಲಿ ಹಾಜರಾಗಿ, ಸಾಲ ಸುಳ್ಳೆಂಬುದಕ್ಕೆ ನಿಮ್ಮಲ್ಲಿರುವ ದಾಖಲೆಯನ್ನು ಪೀಠದ ಮುಂದಿಡಿ.

ತಡೆ ಸಿಗದಿದ್ದರೆ

ಆದೇಶದ ಪ್ರತಿ ಸಿಕ್ಕ ದಿನದಿಂದ 45 ದಿನದೊಳಗೆ ಎನ್‌ಸಿಎಲ್‌ಎಟಿಗೆ ಮೇಲ್ಮನವಿ. ಕರ್ನಾಟಕದ ಪ್ರಕರಣಗಳು ಚೆನ್ನೈ ಪೀಠಕ್ಕೆ ಹೋಗುತ್ತವೆ. ಸಕಾರಣವಿದ್ದರೆ ಇನ್ನೂ 45 ದಿನದವರೆಗಿನ ವಿಳಂಬ ಮನ್ನಿಸಬಹುದು, ಅದರಾಚೆ ಇಲ್ಲ. ಆದರೆ 45 ದಿನ ಇದೆಯಲ್ಲ ಎಂದು ಕೂತರೆ ತುರ್ತು ಎಂಬ ನಿಮ್ಮ ಮಾತಿಗೆ ನೀವೇ ತಿಲಾಂಜಲಿ ಇಟ್ಟಂತೆ. ಒಂದು ವಾರದಲ್ಲಿ ಹಾಕಿ. ಅಷ್ಟರಲ್ಲಿ ಹೊಸ ಸಂಗತಿ ಸಿಕ್ಕಿದರೆ, ಅಂದರೆ ಕರಾರಿನ ಪ್ರತಿಯೋ, ಇನ್ನೊಂದು ಠೇವಣಿ ಮುರಿದದ್ದೋ ಕೈಗೆ ಬಂದರೆ, ಮೇಲ್ಮನವಿಗೆ ಕಾಯದೆ ಅದೇ ಪೀಠದ ಮುಂದೆ ಹೊಸ ಮಧ್ಯಂತರ ಅರ್ಜಿ ಹಾಕಬಹುದು. ಹಳೆಯ ಅರ್ಜಿಯನ್ನೇ ನಕಲು ಮಾಡಬೇಡಿ. ಮೊದಲ ಪುಟದಲ್ಲೇ ಹೊಸ ಸಂಗತಿ, ಅದರ ದಿನಾಂಕ, ಅದು ನಿಮಗೆ ತಿಳಿದ ದಿನ, ಈ ಮೂರು ಇರಲಿ.